ಬಾಡಿಗೆದಾರರ ಗಾಜುಬಳ್ಳಿ

ಕಟ್ಟಡದೊಳಗೆ ತಂತಿ ಎಳೆಯುವುದಕ್ಕೂ ಒಂದು ವಿದ್ಯೆ ಬೇಕಾಗಿದ್ದ ಕಾಲದಲ್ಲಿ ಪ್ರಮೀಳಾ ಹಾದಿಮನಿ ಅದನ್ನು ಕಲಿತಿದ್ದಳು. ಹಗಲೆಲ್ಲ ಮೊಬೈಲ್ ಅಂಗಡಿಯಲ್ಲಿ ನಿಂತು, ಸಂಜೆ ಪಾಲಿಟೆಕ್ನಿಕ್ಕಿನ ಬೆಂಚಿನ ಮೇಲೆ ತೂಕಡಿಕೆಯನ್ನು ತಡೆದುಕೊಳ್ಳುತ್ತ ಕಲಿತ ವಿದ್ಯೆ. ಹತ್ತಾರು ಬಾಡಿಗೆದಾರರು ಹಂಚಿಕೊಂಡ ಕಟ್ಟಡಕ್ಕೆ ಇಂಟರ್ನೆಟ್ ಜಾಲ ಹಾಕುವ ಮೊದಲು ಬಹಳ ಯೋಚಿಸಬೇಕು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಹೊರಗಿನ ತಂತಿ ಬಂದು ಸೇರುವ ಕೋಣೆಯ ಕೀಲಿ ಯಾವೊಬ್ಬ ಬಾಡಿಗೆದಾರನ ಕೈಯಲ್ಲೂ ಇರಬಾರದು. ಮೇಲೇರುವ ಕೊಳವೆಯಲ್ಲಿ ಇಂದಿನ ಅಗತ್ಯಕ್ಕಿಂತ ಹೆಚ್ಚು ಜಾಗ ಬಿಡಬೇಕು, ಏಕೆಂದರೆ ನಾಳೆ ಬರುವವನ ಕಸುಬು ಏನೆಂದು ಇಂದು ಯಾರಿಗೂ ಗೊತ್ತಿರುವುದಿಲ್ಲ. ಖಾಲಿ ಮಾಡಿ ಹೋದವನ ತಂತಿಯನ್ನು ಅವನ ಹಿಂದೆಯೇ ಕಿತ್ತು ಹಾಕಬೇಕು. ಎಲ್ಲವೂ ಸರಳವಾದ ಮಾತುಗಳೇ. ಹುಬ್ಬಳ್ಳಿಯ ನವಚೇತನ ಸಂಕೀರ್ಣದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಈ ಸರಳ ಮಾತುಗಳಲ್ಲಿ ಒಂದನ್ನಾದರೂ ಯಾರಾದರೂ ಕೇಳಿಸಿಕೊಂಡದ್ದು ಅವಳಿಗೆ ನೆನಪಿಲ್ಲ.

ಆಮೇಲೆ ಗಾಜುಬಳ್ಳಿ ಬಂತು. ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲದಾಯಿತು.

ಸಮುದ್ರದ ತಳದಲ್ಲಿ ಕೆಲವು ಸ್ಪಂಜುಗಳಿವೆ. ಕುಲುಮೆಯಿಲ್ಲದೆ, ತಣ್ಣನೆಯ ನೀರಿನಲ್ಲೇ ಅವು ಕೂದಲೆಳೆಯಂಥ ಗಾಜನ್ನು ನೇಯುತ್ತವೆ. ಆ ಎಳೆಯೊಳಗೆ ಬೆಳಕು ಹರಿಯುತ್ತದೆ, ಬೆಳಕಿನ ಜೊತೆಗೆ ಮಾತೂ ಚಿತ್ರವೂ ಹರಿಯಬಲ್ಲವು. ಆ ಗುಣವನ್ನು ಇನ್ನೊಂದು ಜೀವಕ್ಕೆ ಕಸಿ ಮಾಡಿ, ನೆಲಮಾಳಿಗೆಯ ತೊಟ್ಟಿಯಲ್ಲಿ ಬೇರೂರಿಸಿದರೆ ಅದು ಕೊಳವೆಗಳೊಳಗೆ ತಾನೇ ತೆವಳಿ ಮೇಲೇರುತ್ತದೆ ಎಂದು ಕಂಡುಹಿಡಿದವರು ಬುದ್ಧಿವಂತರು. ಅದರಲ್ಲಿ ಪ್ರಮೀಳಾಗೆ ಅನುಮಾನವಿರಲಿಲ್ಲ. ಅವಳ ತಿರಸ್ಕಾರವೆಲ್ಲ ಅದನ್ನು ಕೊಂಡವರ ಮೇಲಿತ್ತು.

ಬಳ್ಳಿ ನೀಲಿ ಬೆಳಕನ್ನು ಹುಡುಕಿಕೊಂಡು ಹೋಗುತ್ತದೆ. ಪ್ರತಿ ಕಚೇರಿಯ ಗೋಡೆಗೂ ನೀಲಿ ಬೆಳಕಿನ ಒಂದು ದುಂಡು ಬಿಲ್ಲೆ ಕೂಡಿಸಿದ್ದರು. ಎಲ್ಲರೂ ಅದನ್ನು ಕಣ್ಣು ಎನ್ನುತ್ತಿದ್ದರು. ಕೊಳವೆಯ ಬಾಯಿಂದ ಇಳಿದ ಬಳ್ಳಿ ಕಣ್ಣಿನ ಅಂಚಿಗೆ ಬಂದು ಅಂಟಿಕೊಳ್ಳುತ್ತಿತ್ತು. ಹೆಚ್ಚು ಬೆಳಗುವ ಕಣ್ಣಿಗೆ ಹೆಚ್ಚು ಎಳೆ, ಮಂಕಾದ ಕಣ್ಣಿಗೆ ಕಡಿಮೆ. ಕಣ್ಣು ಪೂರ್ತಿ ಮುಚ್ಚಿದರೆ ಅಲ್ಲಿನ ಎಳೆಗಳು ಕರಗಿ, ಆ ಗಾಜು ತೊಟ್ಟಿಗೆ ಮರಳಿ, ಬೇರೆಯವರ ಪಾಲಿಗೆ ಸಿಗುತ್ತಿತ್ತು. ತೊಟ್ಟಿಯಲ್ಲಿ ಇರುವ ಗಾಜು ಇಷ್ಟೇ. ಇನ್ನೂ ದೊಡ್ಡ ತೊಟ್ಟಿ ಬೇಕೆಂದು ಪ್ರಮೀಳಾ ಹೇಳಿದ್ದಳು. ಆ ಜಾಗದಲ್ಲಿ ಎರಡು ಕಾರು ನಿಲ್ಲುತ್ತವೆಂದು ಬಾಡಿಗೆದಾರರ ಸಂಘ ಹೇಳಿತ್ತು. ಕಾರುಗಳು ನಿಂತವು.

ಕೆಲಸ ಹೆಚ್ಚಿದಾಗ ಬೆಳಗಿ, ಇಲ್ಲದಾಗ ಮಂಕಾಗುವಂತೆ ಬಳ್ಳಿ ಮಾರಿದ ಕಂಪನಿ ಕಣ್ಣುಗಳನ್ನು ಮಾಡಿ ಕಳಿಸಿತ್ತು. ಅಷ್ಟು ವಿವೇಕವನ್ನು ಸಂಘ ಒಂದು ವಾರವೂ ಸಹಿಸಲಿಲ್ಲ. ಪಕ್ಕದವನ ಕಣ್ಣು ತನ್ನದಕ್ಕಿಂತ ಹೊಳೆಯುತ್ತದೆಂದು ಒಬ್ಬೊಬ್ಬರೇ ಗೊಣಗಿ, ಕೊನೆಗೆ ಎಲ್ಲ ಕಣ್ಣುಗಳೂ ಸದಾ ಪೂರ್ತಿ ಬೆಳಗಬೇಕೆಂದು ಠರಾವು ಮಾಡಿದರು. ಸಮಾನತೆ ಎಂಬ ಶಬ್ದವನ್ನು ಅಂದು ಹಲವರು ಬಳಸಿದರು. ಖಾಲಿ ಬಿದ್ದು ಬೀಗ ಹಾಕಿದ್ದ ಕೋಣೆಯ ಮಾಲೀಕನೂ ತನ್ನ ಕಣ್ಣು ಉರಿಯಲೇಬೇಕೆಂದು ಹಟ ಹಿಡಿದ. ಯೋಜನೆ ಮಾಡುವುದೇನೂ ಉಳಿಯದ್ದರಿಂದ ಪ್ರಮೀಳಾಳ ಬಾಗಿಲ ಮೇಲೆ ಹುದ್ದೆಯ ಹೆಸರಿದ್ದ ಹಲಗೆಯನ್ನು ತೆಗೆದರು. ತೊಟ್ಟಿಗೆ ದ್ರವ ಹಾಕುವವಳು ಎಂಬ ಅರ್ಥದಲ್ಲಿ ಅವಳನ್ನು ಮಾಲಿ ಎಂದು ಕರೆಯತೊಡಗಿದರು.

ದಸರೆ ಮುಗಿದ ವಾರದಲ್ಲಿ ಕಟ್ಟಡಕ್ಕೆ ಕಟ್ಟಡದ ಇಂಟರ್ನೆಟ್ಟೇ ನಿಧಾನವಾಯಿತು. ನೆಲಮಾಳಿಗೆಯಲ್ಲಿ ತೊಟ್ಟಿಯಿದ್ದ ಬೇರುಕೋಣೆಯಲ್ಲಿ ಬಳ್ಳಿಯ ನಕ್ಷೆ ತೋರಿಸುವ ಪರದೆಯ ಮುಂದೆ ಕುಳಿತ ಪ್ರಮೀಳಾಗೆ ಬಳ್ಳಿಯ ಆಕಾರವೇ ಬದಲಾದದ್ದು ಕಂಡಿತು. ಎಲ್ಲ ಮಹಡಿಗಳಿಗೂ ಕವಲೊಡೆದಿದ್ದ ಗಾಜು ಈಗ ಒಂದೇ ಕಡೆಗೆ, ಮೂರನೆಯ ಮಹಡಿಯ ಮೂಲೆಯ ಕೋಣೆಗೆ, ಹಗ್ಗದಷ್ಟು ದಪ್ಪವಾಗಿ ಹೋಗಿತ್ತು. ಉಳಿದವರಿಗೆ ಒಂದೊಂದು ಎಳೆಯೂ ಸರಿಯಾಗಿ ಇರಲಿಲ್ಲ. ಆದರೆ ಪರದೆಯ ಪ್ರಕಾರ ಎಲ್ಲ ಕಣ್ಣುಗಳೂ ಪೂರ್ತಿ ಉರಿಯುತ್ತಿದ್ದವು. ಎಲ್ಲಿ ತಪ್ಪಿದೆನೋ ಎಂದು ಅವಳು ತನ್ನದೇ ಲೆಕ್ಕವನ್ನು ಮತ್ತೆ ಮತ್ತೆ ತಿದ್ದಿದಳು. ಸಂಜೆ ಕಾಲೇಜಿನಲ್ಲಿ ಓದಿದವರಿಗೆ ಈ ಅಭ್ಯಾಸ ಬಿಡುವುದಿಲ್ಲ.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಮುರಿಗೆಪ್ಪ ಕಲಕೇರಿ ಇಳಿದುಬಂದ. ನೆಲಮಹಡಿಯಲ್ಲಿ ಅವನ ಸೀರೆ ಅಂಗಡಿ. ಅಂಗಡಿಯ ಬಾಗಿಲಲ್ಲಿ ಆಳೆತ್ತರದ ಪರದೆಯೊಂದಿತ್ತು; ಅದರಲ್ಲಿ ಒಬ್ಬ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಸೀರೆ ಉಟ್ಟು ಗಿರಗಿರ ತಿರುಗುತ್ತಿದ್ದಳು. ಅವನ ಪಾಲಿನ ಬಳ್ಳಿಗೆ ಇದ್ದ ಕೆಲಸ ಅದೊಂದೇ. ಈಗ ಹುಡುಗಿ ತಿರುಗುವುದನ್ನು ನಿಲ್ಲಿಸಿದ್ದಳು.

ಅವನ ಜೊತೆಗೆ ಎರಡನೆಯ ಮಹಡಿಯಲ್ಲಿ ಕೋಚಿಂಗ್ ತರಗತಿ ನಡೆಸುವ ಹೆಬಸೂರ ಇದ್ದ. ಭೌತಶಾಸ್ತ್ರ ಹೇಳಿಕೊಡುತ್ತಿದ್ದುದರಿಂದ ಜಗತ್ತಿನಲ್ಲಿ ನಡೆಯುವುದಕ್ಕೆಲ್ಲ ತಾನು ಸಾಕ್ಷಿಯಾಗಿದ್ದೆ ಎಂಬಂತೆ ತಲೆಯಾಡಿಸುವ ಮನುಷ್ಯ.

“ಮೂರನೇ ಮಾಳಿಗಿ ಮೂಲ್ಯಾಗಿನ ಆ ಕಸ್ತೂರಿ ಏನೋ ಕಿತಾಪತಿ ಮಾಡ್ಯಾಳ,” ಎಂದ ಕಲಕೇರಿ. “ಅಕಿದು ಬುಡಕ್ಕ ಕಡದ ಹಾಕ್ರಿ. ಸೋಮವಾರ ಮೀಟಿಂಗ್ ಐತಿ, ಅಷ್ಟರಾಗ ಆಗಬೇಕ ನೋಡ್ರಿ.”

ಹೆಬಸೂರ ತಲೆಯಾಡಿಸಿದ.

ಇವರ ಮಾತಿಗೆ ಕತ್ತರಿ ಎತ್ತುವವಳಲ್ಲ ತಾನು ಎಂದುಕೊಂಡಳಾದರೂ ಆ ಹೆಂಗಸಿನ ಮೇಲೂ ಪ್ರಮೀಳಾಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಕಣ್ಣಿನ ಪಕ್ಕ ಇನ್ನೊಂದು ನೀಲಿ ಬಲ್ಬು ಹಚ್ಚಿ ಬಳ್ಳಿಯನ್ನು ತನ್ನತ್ತ ಸೆಳೆದುಕೊಂಡಿರುತ್ತಾಳೆ, ಅಷ್ಟೇ. ಇಷ್ಟು ದಿನ ಯಾರಿಗೂ ಆ ಬುದ್ಧಿ ಹೊಳೆಯದಿದ್ದುದೇ ಆಶ್ಚರ್ಯ.

ಮೇಲೆ ಹೋಗಿ ನೋಡಿದರೆ ಬಲ್ಬು ಇರಲಿಲ್ಲ. ಕೋಣೆ ಸಣ್ಣದು. ಹಿಂದೆ ಕಪ್ಪು ಬಟ್ಟೆ, ಮುಂದೆ ದೊಡ್ಡ ತೆರೆ, ನಡುವೆ ಸ್ಟೂಲಿನ ಮೇಲೆ ಕಸ್ತೂರಿ ಬಡಿಗೇರ. ತಂದೆ ತಾಯಿ ಇಬ್ಬರೂ ಕಿವುಡರಾದ್ದರಿಂದ ಅವಳಿಗೆ ಮಾತಿಗಿಂತ ಮೊದಲು ಕೈಸನ್ನೆ ಬಂದಿತ್ತು. ಸುತ್ತಲಿನ ತಾಲೂಕು ಆಸ್ಪತ್ರೆಗಳಿಗೆ ಕಿವಿ ಕೇಳದ ರೋಗಿ ಬಂದರೆ ವೈದ್ಯರು ಅವಳಿಗೆ ವಿಡಿಯೊ ಕರೆ ಮಾಡುತ್ತಿದ್ದರು. ರೋಗಿಯ ಕೈ ನೋಡಿ ಅವಳು ವೈದ್ಯರಿಗೆ ಹೇಳುತ್ತಿದ್ದಳು, ವೈದ್ಯರ ಮಾತನ್ನು ರೋಗಿಗೆ ಕೈಯಲ್ಲಿ ಹೇಳುತ್ತಿದ್ದಳು. ಪ್ರಮೀಳಾ ಹೋದಾಗಲೂ ಕರೆ ನಡೆದಿತ್ತು. ತೆರೆಯ ಮೇಲಿನ ಮುದುಕನ ಬೆರಳುಗಳು ನೀರು ಹರಿದ ಹಾಗೆ ಚಲಿಸುತ್ತಿದ್ದವು. ಒಂದು ಬೆರಳಿನ ಮಡಿಕೆಯೂ ಎಲ್ಲಿಯೂ ಮಸುಕಾಗುತ್ತಿರಲಿಲ್ಲ.

ಕರೆ ಮುಗಿದ ಮೇಲೆ ಪ್ರಮೀಳಾ ಸಂಘದವರ ಮಾತನ್ನು ತಿಳಿಸಿದಳು. ಕಸ್ತೂರಿ ಸಿಟ್ಟಾಗಲಿಲ್ಲ. ದಸರೆಗೆ ಮೊದಲು ಚಿತ್ರ ನಿಂತು ನಿಂತು ಬರುತ್ತಿತ್ತು, ಪ್ರತಿ ಮಾತನ್ನೂ ಎರಡು ಸಲ ಕೇಳಬೇಕಾಗುತ್ತಿತ್ತು ಎಂದಳು. ಹಬ್ಬ ಕಳೆದ ಮೇಲೆ ತಾನಾಗಿಯೇ ಸರಿಹೋಯಿತಂತೆ. ಯಾಕೆಂದು ಅವಳು ಯಾರನ್ನೂ ಕೇಳಿರಲಿಲ್ಲ.

“ಕೇಳಿದ್ರ ಕಸಕೊಂತಾರ ಅಂತ ಸುಮ್ನಿದ್ದೆ,” ಎಂದಳು. “ಈಗ ನೀವ ಬಂದ್ರಿ.”

ಬಲ್ಬೂ ಇಲ್ಲ, ಕನ್ನಡಿಯೂ ಇಲ್ಲ. ಹಾಗಾದರೆ ಬಳ್ಳಿ ಬಂದದ್ದು ಹೇಗೆ? ಸೋಮವಾರದೊಳಗೆ ಉತ್ತರ ಸಿಗದಿದ್ದರೆ ಕತ್ತರಿ ಹಿಡಿಯಲು ಕಲಕೇರಿಗೆ ಬೇರೆ ಯಾರಾದರೂ ಸಿಕ್ಕೇ ಸಿಗುತ್ತಾರೆ.

ಅದೇ ಯೋಚನೆಯಲ್ಲಿ ಪ್ರಮೀಳಾ ಮುಸ್ಸಂಜೆ ಸ್ಕೂಟರಿನಲ್ಲಿ ಮನೆಗೆ ಹೊರಟಳು. ದೀಪ ಹಚ್ಚಿದರೂ ರಸ್ತೆ ಸರಿಯಾಗಿ ಕಾಣಲಿಲ್ಲ. ಗೋಪನಕೊಪ್ಪದ ತಿರುವಿನಲ್ಲಿ ನಿಂತಿದ್ದ ಬಾಳೆಹಣ್ಣಿನ ಗಾಡಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು. ಗಾಡಿಯವನು ಬಾಯಿಗೆ ಬಂದಂತೆ ಬೈದ. ಮನೆ ಮುಟ್ಟಿ ದೀಪ ನೋಡಿದರೆ, ಆಯುಧ ಪೂಜೆಯ ದಿನ ಅಕ್ಕ ಶಿವಲೀಲಾ ಎಣ್ಣೆಯಲ್ಲಿ ಕಲಸಿ ಹಚ್ಚಿದ ಕುಂಕುಮ ಗಾಜಿನ ಮೇಲೆ ಒಣಗಿ ಗಟ್ಟಿಯಾಗಿತ್ತು. ಪ್ರಮೀಳಾ ಒದ್ದೆ ಬಟ್ಟೆ ತಂದಳು. ಅಕ್ಕ ಬಾಗಿಲಿಗೆ ಬಂದು ತಡೆದಳು. ಪೂಜೆ ಮಾಡಿದ ಕುಂಕುಮ ತಾನಾಗಿಯೇ ಹೋಗಬೇಕು, ಕೈಯಾರೆ ಒರೆಸಬಾರದು. ಮಿಕ್ಸರಿನ ಮೇಲಿನದೂ ಹಾಗೆಯೇ ಇದೆ, ಗ್ಯಾಸಿನ ಮೇಲಿನದೂ ಇದೆ, ತಾನೇನಾದರೂ ಒರೆಸಿದ್ದೀನಾ ಎಂದು ಕೇಳಿದಳು.

“ಮಿಕ್ಸರಿಗೆ ಕಣ್ಣಿಲ್ಲಕ್ಕ,” ಎಂದ ಪ್ರಮೀಳಾ ಅಲ್ಲಿಗೇ ಮಾತು ನಿಲ್ಲಿಸಿದಳು.

ಆ ಕ್ಷಣದಲ್ಲಿ ಅವಳಿಗಾದದ್ದು ನಿಜವಾಗಿ ಹೇಳಬೇಕೆಂದರೆ ಸಂತೋಷ. ಇಡೀ ಕಟ್ಟಡ ಕಣ್ಣ ಮುಂದೆ ಬಂತು. ಕಂಪ್ಯೂಟರಿಗೆ ಬೊಟ್ಟು, ತಕ್ಕಡಿಗೆ ಬೊಟ್ಟು, ಗೋಡೆಯ ಮೇಲೆ ಹಣೆಯಂತೆ ದುಂಡಗಿದ್ದ ಆ ಬಿಲ್ಲೆಗಂತೂ ಅದನ್ನೇ ಮುಚ್ಚುವಷ್ಟು ದೊಡ್ಡ ಬೊಟ್ಟು. ಅವಳೂ ಅವನ್ನು ದಿನವೂ ನೋಡಿದ್ದಳು. ಎಲ್ಲದರ ಮೇಲೂ ಕುಂಕುಮವಿದ್ದಾಗ ಯಾವುದರ ಮೇಲಿನದೂ ಕಣ್ಣಿಗೆ ಬೀಳುವುದಿಲ್ಲ. ಒಳಗೆ ದೀಪ ಉರಿಯುತ್ತಲೇ ಇದ್ದುದರಿಂದ ಪರದೆಗೆ ಏನೂ ತಿಳಿದಿರಲಿಲ್ಲ. ಬಳ್ಳಿಯ ಪಾಲಿಗೆ ಮಾತ್ರ ಒಂದೊಂದಾಗಿ ಎಲ್ಲ ಕಣ್ಣುಗಳೂ ಮುಚ್ಚಿದ್ದವು. ಕಸ್ತೂರಿಯದು ತೆರೆದೇ ಇತ್ತು: ಹಬ್ಬದ ದಿನವೂ ಆಸ್ಪತ್ರೆಗಳು ಮುಚ್ಚುವುದಿಲ್ಲ, ಅವಳಿಗೆ ಪೂಜೆಗೆ ಬಿಡುವಾಗಿರಲಿಲ್ಲ.

ಪ್ರಮೀಳಾ ಇದನ್ನು ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಮುಗಿಸಲಿಲ್ಲ. ಸೋಮವಾರದವರೆಗೆ ಕಾಯ್ದು, ಎಲ್ಲರೂ ಕೂತ ಮೇಲೆ ಎದ್ದು ನಿಂತಳು. ಒದ್ದೆ ಬಟ್ಟೆಯೊಂದನ್ನೂ ತಂದಿದ್ದಳು. ಸಂಘದ ಕೋಣೆಯ ಗೋಡೆಯ ಮೇಲಿದ್ದ ಕಣ್ಣನ್ನು ತೋರಿಸಿ, ತೀರ ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ನಿಮ್ಮ ಬಳ್ಳಿಯನ್ನು ಯಾರೂ ಕದ್ದಿಲ್ಲ. ನೀವೇ ಅದರ ದಾರಿ ಮುಚ್ಚಿ, ಕೆಲಸ ಮಾಡುತ್ತಿದ್ದ ಹೆಣ್ಣುಮಗಳನ್ನು ಕಳ್ಳಿ ಎಂದಿರಿ ಎಂದಳು. ಹಿಂದಿನ ಸಾಲಿನಿಂದ ಯಾರೋ ಪೂಜೆ ಬೇಡವೇನು ಹಾಗಾದರೆ ಎಂದರು.

“ಬಳ್ಳಿಗೆ ಪೂಜಿ ತಿಳಿಯಂಗಿಲ್ರಿ, ಬೆಳಕ ತಿಳೀತೈತಿ,” ಎಂದಳು ಪ್ರಮೀಳಾ. “ನೀವು ಹಚ್ಚಿದ್ದು ಬರೇ ಬಣ್ಣದ ಪುಡಿ.”

ಮಾತು ಹರಿತವಾಗಿತ್ತು, ಹರಿತವಾಗಿರಲೆಂದೇ ಆಡಿದ್ದಳು. ಕಲಕೇರಿಯ ಮುಖ ಕಪ್ಪಿಟ್ಟಿತು. ಹೆಬಸೂರ ಮಾತ್ರ, ಕೆಂಪು ಬಣ್ಣ ನೀಲಿ ಬೆಳಕನ್ನು ಹೀರಿಕೊಳ್ಳುವುದು ತೀರ ಮೂಲಭೂತ ಸಂಗತಿಯೆಂದೂ ತಾನು ಮೊದಲೇ ಊಹಿಸಿದ್ದೆನೆಂದೂ ಪಕ್ಕದವರಿಗೆ ತಿಳಿಸಿದ. ಅವನ ಕಣ್ಣಿನ ಮೇಲಿನ ಬೊಟ್ಟೇ ಎಲ್ಲರದಕ್ಕಿಂತ ದಪ್ಪವಿತ್ತು. ಸ್ವಂತ ಕೈಯಿಂದ ಒರೆಸಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ. ಪಾಪವೇನಾದರೂ ಇದ್ದರೆ ಮಾಲಿಗೆ ಇರಲಿ ಎಂದು ಅವಳಿಗೇ ಬಿಟ್ಟರು. ಪ್ರಮೀಳಾ ಮಹಡಿ ಮಹಡಿ ಹತ್ತಿ ಎಲ್ಲ ಕಣ್ಣುಗಳನ್ನೂ ತಾನೇ ಒರೆಸಿದಳು. ಇಷ್ಟು ಖುಷಿಯಿಂದ ಆ ಕಟ್ಟಡದಲ್ಲಿ ಅವಳು ಇನ್ನಾವ ಕೆಲಸವನ್ನೂ ಮಾಡಿರಲಿಲ್ಲ.

ಬಳ್ಳಿ ಮತ್ತೆ ಎಲ್ಲ ಕಡೆಗೂ ಕವಲೊಡೆಯಿತು. ಸೀರೆಯ ಹುಡುಗಿ ತಿರುಗತೊಡಗಿದಳು. ಪ್ರಮೀಳಾ ಕೆಲವು ದಿನ ತಲೆಯೆತ್ತಿಕೊಂಡು ಓಡಾಡಿದಳು.

ಆಮೇಲೊಂದು ಮಧ್ಯಾಹ್ನ ಕಸ್ತೂರಿ ಬೇರುಕೋಣೆಗೆ ಇಳಿದುಬಂದಳು. ಹಿಂದೆಂದೂ ಅವಳು ಅಲ್ಲಿಗೆ ಬಂದವಳಲ್ಲ. ಕೂರಲು ಹೇಳಿದರೂ ಕೂರಲಿಲ್ಲ.

“ನಾ ಕಳ್ಳಿ ಅಲ್ಲಂತ ಎಲ್ಲಾರ ಮುಂದ ತೋರಿಸಿದ್ರಿ, ಭಾಳ ಉಪಕಾರ ಆತು,” ಎಂದಳು. “ಅವರು ನಂದು ಕಡದಿದ್ರೂ ಇಷ್ಟೇ ಆಗತಿತ್ತು.”

ಬೆಳಿಗ್ಗೆ ಒಂದು ಆಸ್ಪತ್ರೆಯಿಂದ ಕರೆ ಬಂದಿತ್ತು. ಮಾತು ಬಾರದ ಹೆಂಗಸು, ಹೊಟ್ಟೆನೋವು, ನರ್ಸ್ ಸೂಜಿ ಹಿಡಿದು ನಿಂತಿದ್ದಾಳೆ. ಈ ಔಷಧ ಮೊದಲು ಯಾವಾಗಲಾದರೂ ಮೈಗೆ ಆಗದೆ ಹೋಗಿತ್ತೇ ಎಂದು ಕೇಳಿದಾಗ ಆ ಹೆಂಗಸು ಕೈ ಎತ್ತಿದ್ದಾಳೆ. ಅಲ್ಲಿಗೆ ಚಿತ್ರ ನಿಂತಿತು. ಎತ್ತಿದ ಕೈ ತೆರೆಯ ಮೇಲೆ ಹಾಗೆಯೇ ನಿಂತಿತ್ತು, ಹೂಂ ಅನ್ನುವುದಕ್ಕೋ ಊಹೂಂ ಅನ್ನುವುದಕ್ಕೋ ತಿಳಿಯುವಂತಿರಲಿಲ್ಲ. ಕಸ್ತೂರಿ ನಿಲ್ಲಿಸಿ ನಿಲ್ಲಿಸಿ ಎಂದು ಕೂಗಿದ್ದಳು. ಕೂಗಾದರೂ ಅತ್ತ ಮುಟ್ಟಿತಲ್ಲ, ಅಷ್ಟೇ ಪುಣ್ಯ. ಈಗ ಆಸ್ಪತ್ರೆಯವರು ಇನ್ನೊಮ್ಮೆ ಹೀಗಾದರೆ ಈ ಸಂಪರ್ಕವನ್ನೇ ಬಿಡುವುದಾಗಿ ಹೇಳಿದ್ದರು. ಬಿಟ್ಟರೆ ರೋಗಿಗೆ ಪಾಟಿಯ ಮೇಲೆ ಬರೆದು ತೋರಿಸುತ್ತಾರೆ. ಆ ಹೆಂಗಸಿಗೆ ಓದಲು ಬರುತ್ತಿರಲಿಲ್ಲ.

ಪ್ರಮೀಳಾ ಪರದೆಯತ್ತ ನೋಡಿದಳು. ಎಲ್ಲ ಕವಲುಗಳೂ ಒಂದೇ ದಪ್ಪ, ಎಲ್ಲವೂ ಸಮಾನ, ಠರಾವಿನಲ್ಲಿದ್ದಂತೆಯೇ. ಅವಳು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಅದನ್ನು ಎಷ್ಟು ಸಲ ಹೇಳಿಕೊಂಡರೂ ಸಮಾಧಾನವಾಗಲಿಲ್ಲ.

ಮರುದಿನ ಅವಳು ಬಾಗಿಲಿಂದ ಬಾಗಿಲಿಗೆ ಹೋದಳು. ಆಸ್ಪತ್ರೆಯ ಹೊತ್ತಿನಲ್ಲಷ್ಟೇ ನಿಮ್ಮ ಕಣ್ಣನ್ನು ಕೊಂಚ ಮಂಕು ಮಾಡಿಕೊಡಿ ಎಂದು ಕೇಳಿದಳು. ವಿಷಯವನ್ನೆಲ್ಲ ವಿವರಿಸಿದಳು. ಎಲ್ಲರೂ ಅಯ್ಯೋ ಪಾಪ ಎಂದರು, ಒಬ್ಬರೂ ಒಪ್ಪಲಿಲ್ಲ. ಪಕ್ಕದವರು ಮಾಡಿದರೆ ತಾವೂ ಮಾಡುವುದಾಗಿ ಕೆಲವರು ಹೇಳಿದರು. ಪಕ್ಕದವರೂ ಅದನ್ನೇ ಹೇಳಿದರು. ಖಾಲಿ ಕೋಣೆಯ ಮಾಲೀಕ, ಮಂಕು ಕಣ್ಣಿನ ಕೋಣೆಗೆ ಬಾಡಿಗೆಗೆ ಯಾರು ಬರುತ್ತಾರೆ ಎಂದ. ಕುಂಕುಮದಿಂದ ಕುರುಡಾಗಿ ದಿನಗಟ್ಟಲೆ ಏನೂ ಕಳೆದುಕೊಳ್ಳದೆ ಕೂತಿದ್ದ ಜನ, ಕಣ್ಣು ಬಂದ ಮೇಲೆ ಒಂದು ತಾಸು ರೆಪ್ಪೆ ಮುಚ್ಚಲು ಸಿದ್ಧರಿರಲಿಲ್ಲ.

ಕೊನೆಗೆ ಅವಳು ತನಗೇ ಹೇಸಿಗೆಯೆನಿಸುವ ಒಂದು ಉಪಾಯಕ್ಕೆ ಇಳಿದಳು. ಕಲಕೇರಿಯ ಅಂಗಡಿಗೆ ಹೋಗಿ, ಅಂದು ತಾನು ಪೂಜೆಯ ವಿಷಯದಲ್ಲಿ ಹಗುರವಾಗಿ ಮಾತಾಡಿದ್ದು ಸರಿಯಲ್ಲವೆಂದಳು. ಬಳ್ಳಿಯೂ ಜೀವವೇ ಅಲ್ಲವೇ, ಪ್ರತಿ ಶುಕ್ರವಾರ ಕಣ್ಣಿಗೆ ಬೊಟ್ಟಿಟ್ಟರೆ ಒಳ್ಳೆಯದಾಗಬಹುದು ಎಂದಳು.

ಕಲಕೇರಿ ನಕ್ಕ.

“ಬರೇ ಬಣ್ಣದ ಪುಡಿ ಅಂದಿದ್ರೆಲ್ಲ ಮೇಡಮ್ಮ? ಈಗ ನಾವೂ ಒಂದಿಷ್ಟು ಶಾಣ್ಯಾ ಆಗೀವಿ ಬಿಡ್ರಿ.”

ಅವಳ ಒಂದೇ ಪಾಠಕ್ಕೆ ಇಡೀ ಕಟ್ಟಡ ವಿಚಾರವಾದಿಯಾಗಿತ್ತು.

ಅವಮಾನ ನುಂಗಿಕೊಂಡು ಅವಳು ಬೇರುಕೋಣೆಗೆ ಇಳಿದಳು. ಇವರು ಈಗಲೂ ನಂಬುವುದೇನನ್ನು ಎಂದು ಯೋಚಿಸಿದಳು. ದೇವರನ್ನಲ್ಲ, ಪಕ್ಕದವರನ್ನಲ್ಲ, ತನ್ನನ್ನಂತೂ ಅಲ್ಲ. ಅಷ್ಟರಲ್ಲಿ ಎಲ್ಲದಕ್ಕೂ ತಲೆಯಾಡಿಸುವ ಹೆಬಸೂರ ನೆನಪಾದ.

ವಾರ ಕಳೆಯುವುದರೊಳಗೆ ನವಚೇತನ ಸಂಕೀರ್ಣದ ಸೂಚನಾ ಫಲಕದ ಮೇಲೆ ಪ್ರಮೀಳಾ ಬರೆದ ಒಂದು ಪ್ರಕಟಣೆ ಬಂತು. ತೆರೆದ ಕಣ್ಣುಗಳಿಂದ ಹಿಮ್ಮುಖ ವಿಕಿರಣ ಸೋರುವ ಸಂಭವವಿರುವುದರಿಂದ, ಇಚ್ಛೆಯುಳ್ಳ ಬಾಡಿಗೆದಾರರು ಪ್ರಮಾಣಿತ ಸುರಕ್ಷಾ ಪೊರೆಯನ್ನು ಅಂಟಿಸಿಕೊಳ್ಳಬಹುದು. ಪೊರೆಗಳು ಸೀಮಿತ ಸಂಖ್ಯೆಯಲ್ಲಿ ಲಭ್ಯ. ಹಿಮ್ಮುಖ ವಿಕಿರಣ ಎಂಬ ವಸ್ತು ಜಗತ್ತಿನಲ್ಲಿ ಎಲ್ಲೂ ಇಲ್ಲ. ಪೊರೆ ಎಂದರೆ ಉಡುಗೊರೆಗೆ ಸುತ್ತುವ ಕೆಂಪು ಜಿಲೇಟಿನ್ ಹಾಳೆ, ದುಂಡಗೆ ಕತ್ತರಿಸಿದ್ದು. ಕುಂಕುಮದ ಹಾಗೆ ಅದು ಕಣ್ಣನ್ನು ಪೂರ್ತಿ ಮುಚ್ಚುವುದಿಲ್ಲ. ಅರ್ಧಕ್ಕಿಂತ ಹೆಚ್ಚು ತಡೆದು, ಉಳಿದದ್ದನ್ನು ಬಿಡುತ್ತದೆ. ಬಿಟ್ಟಷ್ಟು ಇವರ ಕೆಲಸಕ್ಕೆ ಧಾರಾಳವಾಗಿ ಸಾಕು.

ಮೊದಲು ಬಂದವನು ಹೆಬಸೂರ. ಹಿಮ್ಮುಖ ವಿಕಿರಣದ ಬಗ್ಗೆ ತಾನು ಈಚೆಗೆ ಎಲ್ಲೋ ಓದಿದ್ದೆನೆಂದ. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತು ಬೇರೆಯವರಿಗೆ ಅದು ಹೇಗೆ ಸೋರುತ್ತದೆಂದು ಕೈಯಲ್ಲಿ ಮಾಡಿ ತೋರಿಸುತ್ತಿದ್ದ. ಸೀಮಿತ ಸಂಖ್ಯೆ ಎಂದದ್ದಕ್ಕೆ ತಳ್ಳಾಟವೂ ಆಯಿತು. ಖಾಲಿ ಕೋಣೆಯ ಮಾಲೀಕ ತನ್ನ ಪಾಲು ತಪ್ಪಿತೆಂದು ಜಗಳಕ್ಕೆ ಬಂದ. ಅವನಿಗೂ ಒಂದು ಸಿಕ್ಕಿತು. ಕರುಣೆಗೂ ಸ್ನೇಹಕ್ಕೂ ಮುಚ್ಚದ ಕಣ್ಣುಗಳನ್ನು ಅವರು ಭಯಕ್ಕೆ ಮುಚ್ಚಿಕೊಂಡರು. ಬೊಟ್ಟಿಟ್ಟ ದಿನ ಅವರಿಗೆ ಸ್ವಲ್ಪ ಭಕ್ತಿಯಾದರೂ ಇತ್ತಲ್ಲ ಎಂದು ಪ್ರಮೀಳಾಗೆ ಅನಿಸಿತು.

ಮೂರನೆಯ ಮಹಡಿಯ ಮೂಲೆಯ ಕೋಣೆಯ ಬಳ್ಳಿ ದಿನದಿನಕ್ಕೆ ದಪ್ಪವಾಯಿತು. ವಿಷಯ ತಿಳಿಸಲು ಹೋದಾಗ ಕಸ್ತೂರಿ ಪೂರ್ತಿ ಕೇಳಿದಳು. ನಗುತ್ತಾಳೆಂದು ಪ್ರಮೀಳಾ ಕಾದಿದ್ದಳು.

“ಛಲೋ ಆತು,” ಎಂದಳು ಕಸ್ತೂರಿ. “ನಾಳೆ ಇಲ್ಲಿ ನನ್ನಂಗ ಬೇಕಾದವ್ರು ಇನ್ನೊಬ್ರು ಬಂದ್ರ, ಅವರಿಗೂ ಇದನ್ನ ಅಂಟಸ್ತೀರೇನು?”

ಇಲ್ಲವೆಂದಳು ಪ್ರಮೀಳಾ. ಅವರು ಯಾರೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕಸ್ತೂರಿ ಕೇಳಿದಳು. ನಾಳೆ ಬರುವವನ ಕಸುಬಿನ ಬಗ್ಗೆ ಸಂಜೆ ತರಗತಿಯಲ್ಲಿ ಕಲಿತದ್ದು ಪ್ರಮೀಳಾಗೆ ನೆನಪಾಯಿತು. ಅಷ್ಟರಲ್ಲಿ ಕರೆ ಬಂತು. ಕಸ್ತೂರಿ ಸ್ಟೂಲನ್ನು ಎಳೆದುಕೊಂಡು ಕೈಗಳನ್ನು ಎದೆಯ ಮಟ್ಟಕ್ಕೆ ತಂದಳು; ತೆರೆಯ ಮೇಲೆ ಒಬ್ಬ ಹುಡುಗಿಯ ಬೆರಳುಗಳು ಅವಸರವಸರವಾಗಿ ಮಾತಾಡತೊಡಗಿದವು, ಎಲ್ಲಿಯೂ ನಿಲ್ಲದೆ.

ಕೆಳಗೆ ಅಂಗಡಿಯ ಬಾಗಿಲಲ್ಲಿ ಕಲಕೇರಿ ಅವಳಿಗಾಗಿ ಕಾಯುತ್ತಿದ್ದ. ತನ್ನ ಅಂಗಡಿ ಎಲ್ಲರದಕ್ಕಿಂತ ದೊಡ್ಡದು, ದಿನವಿಡೀ ಗಿರಾಕಿಗಳು ಬಂದುಹೋಗುವ ಜಾಗ, ಒಂದು ಪೊರೆಯಿಂದ ಏನಾಗುತ್ತದೆ ಎಂದ. ದನಿ ತಗ್ಗಿಸಿ, ಇನ್ನೊಂದನ್ನು ಹಾಕಿಕೊಡಬೇಕು, ಮಂದಿಗೆ ಗೊತ್ತಾಗುವುದು ಬೇಡ ಎಂದ.

ಪ್ರಮೀಳಾ ಚೀಲದಿಂದ ಇನ್ನೊಂದು ಕೆಂಪು ಬಿಲ್ಲೆ ತೆಗೆದು ಮೊದಲನೆಯದರ ಮೇಲೆ ಒತ್ತಿ ಅಂಟಿಸಿದಳು. ಇನ್ನೆರಡು ದಿನದಲ್ಲಿ ಅವನ ಎಳೆಗಳು ಕರಗುತ್ತವೆ, ಪರದೆಯ ಹುಡುಗಿ ಅರ್ಧ ತಿರುಗಿ ನಿಲ್ಲುತ್ತಾಳೆ. ಹಾಗೆಂದು ಅವನಿಗೆ ಹೇಳಿದಳು ಕೂಡ. ಅಷ್ಟನ್ನಾದರೂ ಮುಚ್ಚಿಡಬಾರದೆಂದು ಅವಳಿಗೆ ಅನಿಸಿತ್ತು.

“ನಿಂತ್ರ ನಿಲ್ಲಲಿ ಬಿಡ್ರಿ,” ಎಂದ ಕಲಕೇರಿ. “ಪಕ್ಕದ ಅಂಗಡಿಯವಂಗ ಒಂದ ಐತೆಲ್ಲ?”

ಒಂದೇ ಇದೆ ಎಂದಳು ಪ್ರಮೀಳಾ. ಅವನಿಗೆ ಅಷ್ಟು ಸಾಕಾಯಿತು.